ಊರಿಗೆಲ್ಲ ಅತ್ತಿಗೆ

ಓಲ್ಶೆವೋ ಊರಿನ ಗಂಡಸರಿಗೆ ಹರಳೆಣ್ಣೆ ಸುಟ್ಟ ವಾಸನೆ ಮೂಗಿಗೆ ಬಡಿದರೆ ಸಾಕು, ನಿಂತಲ್ಲೇ ಕಣ್ಣು ಮುಚ್ಚುತ್ತಾರೆ. ಸ್ಪೀಡ್‌ವೇ ಎಂಬ ಮೋಟಾರ್‌ಬೈಕ್ ಓಟದ ಗಾಡಿಯ ಎಂಜಿನ್ನಿಗೆ ಹಾಕುವುದು ಆ ಎಣ್ಣೆಯನ್ನೇ. ಮೊಮ್ಮಕ್ಕಳ ಮೂಗೊರೆಸಿಕೊಂಡು ಮನೆಯಲ್ಲಿರಬೇಕಾದ ಮುದುಕರು ಎದೆಯುಬ್ಬಿಸಿ ಆ ಹೊಗೆ ಎಳೆದುಕೊಂಡು, "ಆಹಾ, ಅದು ಕಾಲ ಅಂದ್ರೆ ಕಾಲ" ಎಂದು ಗದ್ಗದರಾಗುತ್ತಾರೆ. ಒಬ್ಬ ಮಹಾನುಭಾವ ಆ ಎಣ್ಣೆಯನ್ನು ಪುಟ್ಟ ಸೀಸೆಯಲ್ಲಿ ತುಂಬಿಸಿ, ಕ್ರಿಸ್ಮಸ್ಸಿಗೆ ಹೆಂಡತಿಯ ಕೈಯಿಂದಲೇ ಉಡುಗೊರೆ ಕೊಡಿಸಿಕೊಂಡಿದ್ದಾನೆ. ಸ್ಟವ್ ಮೇಲೆ ನಾಲ್ಕು ಹನಿ ಬಿಟ್ಟು ಮೂಸುತ್ತಾನಂತೆ.

ಬ್ರೋನ್ಕಾಗೆ ಅದೇ ವಾಸನೆಗೆ ಹೊಟ್ಟೆ ತೊಳಸುತ್ತದೆ. ಎಪ್ಪತ್ತರ ಅಂಚಿನ ಹೆಂಗಸು, ಗಟ್ಟಿಮುಟ್ಟಾದ ಮೈ, ಬಿರುಸು ನಾಲಿಗೆ. ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಯುಷ್ಯದ ಅರ್ಧ ಸೂಪು ಕಲಕಿದವಳು. ಔಷಧಿ ಅಂಗಡಿಯಲ್ಲಿ ಯಾರಾದರೂ ಹರಳೆಣ್ಣೆ ಕೇಳಿದರೂ ಸಾಲು ಬಿಟ್ಟು ಹೊರಗೆ ಹೋಗಿ ನಿಲ್ಲುತ್ತಾಳೆ. ಆದರೂ ಆ ವಾಸನೆಗೆ ಅವಳಷ್ಟು ಹತ್ತಿರದವರು ಊರಿನಲ್ಲಿ ಇನ್ನೊಬ್ಬರಿಲ್ಲ ಎಂದು ಎಲ್ಲರೂ ನಂಬಿದ್ದಾರೆ, ಏಕೆಂದರೆ ಅವಳು ಲೂತೆಕ್‌ನ ಹೆಂಡತಿ.

ಲೂತೆಕ್ ಓಲ್ಶೆವೋ ತಂಡದ ಓಟಗಾರ. ಬ್ರೇಕಿಲ್ಲದ ಗಾಡಿ, ಎಡಗಾಲಿನ ಬೂಟಿಗೆ ಕಬ್ಬಿಣದ ಅಟ್ಟೆ, ನಾಲ್ಕು ಜನ, ನಾಲ್ಕು ಸುತ್ತು. ಎಡಕ್ಕೆ ವಾಲಿ, ಎಡಕ್ಕೇ ತಿರುಗಿ, ಒಂದು ನಿಮಿಷದಲ್ಲಿ ಮುಗಿದುಹೋಗುವ ಆಟ. ಆಗ ಹಾದಿಗೆ ಹಾಸುತ್ತಿದ್ದುದು ಕಾರ್ಖಾನೆಯ ಬಾಯ್ಲರಿನಿಂದ ಬರುವ ಕರೀ ಕಿಟ್ಟದ ಪುಡಿ. ಭಾನುವಾರ ಸಂಜೆ ಲೂತೆಕ್ ಮನೆಗೆ ಬಂದು ಸ್ನಾನದ ತೊಟ್ಟಿಯ ಅಂಚಿಗೆ ಕೂತನೆಂದರೆ ಬ್ರೋನ್ಕಾಗೆ ಎರಡು ಗಂಟೆ ಕೆಲಸ. ಕಿವಿಯೊಳಗೆ ಕಿಟ್ಟ, ಹಲ್ಲಿನ ಸಂದಿಯಲ್ಲಿ ಕಿಟ್ಟ, ತರಚಿದ ಮೊಣಕೈಯ ಹಸಿ ಮಾಂಸದೊಳಗೆ ಕಿಟ್ಟ, ಅದರ ಮೇಲೆಲ್ಲ ಎಣ್ಣೆಯ ಜಿಡ್ಡು. ಊರಿನ ಗಂಡಸರು ಮೂಗಿನಲ್ಲಿ ಎಳೆದುಕೊಂಡು ಸುಖಪಟ್ಟದ್ದನ್ನು ಅವಳು ಉಗುರಿನಲ್ಲಿ ಕೆರೆದು ತೆಗೆದಳು. ತೊಟ್ಟಿಯ ಸುತ್ತ ಕಟ್ಟುತ್ತಿದ್ದ ಕರೀ ಜಿಡ್ಡಿನ ಗೆರೆ ಸೋಡಾ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ.

ಇನ್ನೊಂದು ಸಂಗತಿ ಅವಳಿಗೆ ಮಾತ್ರ ಗೊತ್ತು. ಪ್ರತಿ ಓಟದ ದಿನ ಬೆಳಿಗ್ಗೆ ಲೂತೆಕ್ ಕಕ್ಕಸಿಗೆ ಹೋಗಿ, ಸದ್ದು ಕೇಳಬಾರದೆಂದು ನಲ್ಲಿ ಬಿಟ್ಟುಕೊಂಡು, ವಾಂತಿ ಮಾಡುತ್ತಿದ್ದ. ಹೆದರಿಕೆ. ಹೊರಗೆ ಬಂದಾಗ ಮುಖ ಸುಣ್ಣದ ಗೋಡೆ. "ಈ ವರ್ಷ ಮುಗೀಲಿ ಬ್ರೋನ್ಕಾ, ಕಾರ್ಖಾನೆಯ ವರ್ಕ್‌ಶಾಪ್‌ಗೆ ಸೇರ್ಕೊಳ್ತೀನಿ. ಸಂಬಳ ಕಮ್ಮಿ ಆದ್ರೂ ಊಟ ಹೊಟ್ಟೇಲಿ ನಿಲ್ಲುತ್ತೆ" ಎನ್ನುತ್ತಿದ್ದ. ಇಪ್ಪತ್ತೈದರ ಹುಡುಗ. ಒಳ್ಳೆಯವನು. ಅವಳಿಗೆ ಅವನ ಮೇಲೆ ಯಾವತ್ತೂ ಸಿಟ್ಟಿರಲಿಲ್ಲ, ಇವತ್ತಿಗೂ ಇಲ್ಲ.

1978ರ ಜೂನ್‌ನ ಆ ಭಾನುವಾರ ಅವಳು ಮನೆಯಲ್ಲಿ ಆಲೂಗಡ್ಡೆ ತುರಿಯುತ್ತಿದ್ದಳು. ಅಡುಗೆಮನೆಯ ಕಿಟಕಿಗೆ ಸ್ಟೇಡಿಯಮ್ಮಿನ ಸದ್ದು ಕೇಳುತ್ತಿತ್ತು. ಎಂಜಿನ್ನುಗಳು ಚೀರಿದವು, ಒಮ್ಮೆಲೇ ಎಲ್ಲ ನಿಂತವು. ಅವಳು ತುರಿಯುವುದನ್ನು ಬಿಟ್ಟು ನಿಂತಳು. ಸ್ವಲ್ಪ ಹೊತ್ತಿಗೆ ಮತ್ತೆ ಎಂಜಿನ್ನುಗಳು ಶುರುವಾದವು, ಜನರ ಕೂಗೂ ಶುರುವಾಯಿತು. ಸದ್ಯ, ಏನೂ ಆಗಿಲ್ಲ ಎಂದುಕೊಂಡು ಅವಳು ಹಿಟ್ಟು ಕಲಸಿ, ಬಾಣಲೆ ಇಟ್ಟು, ಹಪ್ಪಳದಂಥ ಆಲೂ ದೋಸೆ ಹುಯ್ಯತೊಡಗಿದಳು. ಎರಡನೆಯ ತಿರುವಿನ ಗುಂಡಿಯಲ್ಲಿ ಮುಂದಿನ ಚಕ್ರ ಸಿಕ್ಕಿ ಲೂತೆಕ್ ಹಲಗೆಯ ಬೇಲಿಗೆ ಬಡಿದಿದ್ದ. ಅವನನ್ನು ಎತ್ತಿ ಆಚೆ ಒಯ್ದು, ಗುಂಡಿ ಮುಚ್ಚಿ, ನೀರು ಹಾಕಿ, ಉಳಿದ ಓಟಗಳನ್ನೆಲ್ಲ ಓಡಿಸಿ ಮುಗಿಸಿದರು. ಓಲ್ಶೆವೋ ಗೆದ್ದಿತು.

ಅಲ್ಲಿಂದ ಶುರುವಾಯಿತು ಅವಳ ಎರಡನೆಯ ಉದ್ಯೋಗ. ಲೂತೆಕ್ ಊರಿನ ಗಂಡಸರಿಗೆಲ್ಲ ಅಣ್ಣನಾದ. ಆದ್ದರಿಂದ ಅವಳು ಎಲ್ಲರಿಗೂ ಅತ್ತಿಗೆ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅತ್ತಿಗೆ ಎಂದರು, ಅವನು ಸತ್ತಾಗ ಹುಟ್ಟೇ ಇರದಿದ್ದವರೂ ಅತ್ತಿಗೆ ಎಂದರು. ಮಾಂಸದಂಗಡಿಯವನು "ಅತ್ತಿಗೆಗೆ ಒಳ್ಳೇ ತುಂಡು ಕೊಡ್ರೋ" ಎಂದು ಕೂಗುವಾಗ ಅವಳಿಗೆ ಆ ತುಂಡಿನ ಮೇಲಿನ ಆಸೆಯೇ ಹೋಗುತ್ತಿತ್ತು. ಪ್ರತಿ ಜೂನ್‌ನಲ್ಲಿ ಲೂತೆಕ್‌ನ ಸ್ಮಾರಕ ಓಟ. ಕರೀ ಬಟ್ಟೆ ಉಟ್ಟು ಗೆದ್ದವರ ಕಟ್ಟೆಯ ಮೇಲೆ ನಿಂತು, ಗೆದ್ದವನಿಗೆ ಹೂ ಕೊಟ್ಟು, ಕೆನ್ನೆಗೆ ಮುತ್ತಿಡುವುದು ಅತ್ತಿಗೆಯ ಕೆಲಸ. ಬೆವರು, ಮಣ್ಣು, ಹರಳೆಣ್ಣೆ. ಮುತ್ತಿಟ್ಟು ಮನೆಗೆ ಬಂದು ತುಟಿಯನ್ನು ಬಟ್ಟೆ ಸೋಪಿನಿಂದ ಉಜ್ಜಿ ತೊಳೆಯುತ್ತಿದ್ದಳು.

ಈ ಎಲ್ಲದರ ಯಜಮಾನ ಝೆನೆಕ್ ಪ್ಲೂತಾ. ಟೈರ್ ಅಂಗಡಿ ಇಟ್ಟುಕೊಂಡವನು, ಹಳೆಯ ಓಟಗಾರರ ನೆನಪಿನ ಸಂಘದ ಅಧ್ಯಕ್ಷ. ಲೂತೆಕ್ ಬಿದ್ದ ದಿನ ಅವನು ಹನ್ನೆರಡು ವರ್ಷದವನಾಗಿ ಅಪ್ಪನ ಹೆಗಲ ಮೇಲಿದ್ದನಂತೆ. ಅದನ್ನು ಹೇಳುವಾಗೆಲ್ಲ ಅವನ ಗಂಟಲು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ನಾಟಕವಲ್ಲ, ನಿಜವಾದ ನೀರು. ಅದೇ ಇನ್ನೂ ಅಸಹ್ಯ. ಸಂತೆ ಚೌಕದಲ್ಲಿ ಅವನದೊಂದು ಬಿಯರ್ ಅಂಗಡಿಯೂ ಇದೆ. ಹೆಸರು 'ಎರಡನೆಯ ತಿರುವು'. ಮನುಷ್ಯ ತಲೆಯೊಡೆದು ಸತ್ತ ಜಾಗದ ಹೆಸರನ್ನು ಬಿಯರ್ ಅಂಗಡಿಗೆ ಇಟ್ಟಿದ್ದಾರೆ, ಯಾರಿಗೂ ಏನೂ ಅನ್ನಿಸಿಲ್ಲ. ಲೂತೆಕ್‌ನ ಜಾವಾ ಗಾಡಿ ಛಾವಣಿಯಿಂದ ಬಣ್ಣದ ದೀಪ ಕಟ್ಟಿಸಿಕೊಂಡು ನೇತಾಡುತ್ತಿದೆ. 'ಲೂತೆಕ್‌ನ ಕೊನೆಯ ಸುತ್ತು' ಎಂಬ ಹೆಸರಿನ ವೋಡ್ಕಾ ಸಿಗುತ್ತದೆ. ಮ್ಯೂಸಿಯಮ್ಮಿಗೆಂದು ಬ್ರೋನ್ಕಾ ಕೊಟ್ಟಿದ್ದ ಅವನ ಚರ್ಮದ ಅಂಗಿಯನ್ನು ಅಂಗೈಯಷ್ಟು ತುಂಡು ಮಾಡಿ, ಚೌಕಟ್ಟು ಹಾಕಿಸಿ, ಸಂಘದ ಸದಸ್ಯರಿಗೆ ಹಂಚಿದರು. ಅವಳು ಕೇಳಿದಾಗ ಝೆನೆಕ್, "ಎಲ್ಲರ ಮನೇಲೂ ಅಣ್ಣ ಇರ್ಲಿ ಅಂತ ಅತ್ತಿಗೆ" ಎಂದ. ತೋಳಿನ ಭಾಗ ಯಾರಿಗೆ ಸಿಕ್ಕಿತೋ, ಬಗಲಿನ ಭಾಗ ಯಾರಿಗೆ ಸಿಕ್ಕಿತೋ. ಥೂ.

ಆ ಬಿಯರ್ ಅಂಗಡಿಯ ಮೂಲೆಯಲ್ಲಿ ಎರ್ವಿನ್ ಕೂತಿರುತ್ತಾನೆ. ಲೂತೆಕ್‌ನ ಜೊತೆ ಓಡಿಸುತ್ತಿದ್ದವನು. ಸೊಂಟದಲ್ಲಿ ಕಬ್ಬಿಣ, ಒಂದು ಕೈ ಭುಜದಿಂದ ಮೇಲೇಳುವುದಿಲ್ಲ. ಕೊನೆಯ ಓಟದ ಕಥೆ ಹೇಳಿದರೆ ಬಿಯರ್ ಬಿಟ್ಟಿ. ಹೇಳಿ ಹೇಳಿ ಈಗ ಆ ಕಥೆಯಲ್ಲಿ ಲೂತೆಕ್ ಬೀಳುವ ಮೊದಲು ಹಿಂದಿರುಗಿ ನಗುತ್ತಾನೆ, ಜೊತೆಗಾರನಿಗೆ ದಾರಿ ಬಿಡಲೆಂದೇ ಗಾಡಿ ತಿರುಗಿಸುತ್ತಾನೆ. ಒಮ್ಮೆ ಬ್ರೋನ್ಕಾ ಅವನನ್ನು ಬಸ್ ನಿಲ್ದಾಣದಲ್ಲಿ ಹಿಡಿದು ಕೇಳಿದಳು.

"ನಗ್ತಾ ಇದ್ನಾ ಎರ್ವಿನ್? ಮುಖದ ತುಂಬ ಬಟ್ಟೆ ಕಟ್ಕೊಂಡೋನು ನಗೋದು ನಿನಗೆ ಕಾಣಿಸ್ತಾ?"

"ನಿಜ ಹೇಳಿದ್ರೆ ಯಾರೂ ಬಿಯರ್ ಕೊಡ್ಸಲ್ಲ ಬ್ರೋನ್ಕಾ" ಎಂದ ಅವನು, ನೆಲ ನೋಡುತ್ತ. "ಅವನೂ ಹೆದರ್ತಿದ್ದ, ನಾನೂ ಹೆದರ್ತಿದ್ದೆ. ಅದನ್ನ ಯಾರು ಕೇಳ್ತಾರೆ?"

ಅವಳು ಎರ್ವಿನ್‌ನನ್ನು ಬೈಯಲಿಲ್ಲ, ಕೈಚೀಲದಲ್ಲಿದ್ದ ಬ್ರೆಡ್ಡನ್ನು ಮುರಿದು ಅರ್ಧ ಕೊಟ್ಟಳು.

ಇನ್ನು ಫೆಲೆಕ್. ಫೆಲೆಕ್ ಸ್ಟೇಡಿಯಮ್ಮಿನಲ್ಲಿ ನೀರಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಓಟ ಓಟದ ನಡುವೆ ಹಾದಿಯ ಗುಂಡಿ ಮುಚ್ಚಿ, ಸಮ ಮಾಡಿ, ಧೂಳು ಏಳದ ಹಾಗೆ ನೀರು ಚಿಮುಕಿಸುವುದು ಅವನ ಕೆಲಸ. ಜನ ಬಿಯರ್ ತರಲು ಏಳುವುದು ಅವನ ಟ್ರ್ಯಾಕ್ಟರ್ ಬಂದಾಗಲೇ, ಹಾಗಾಗಿ ಅವನ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ. ಲೂತೆಕ್ ಸತ್ತ ವರ್ಷದ ಶರತ್ಕಾಲದಲ್ಲಿ ಒಂದು ಮಧ್ಯಾಹ್ನ ಅವನು ಬ್ರೋನ್ಕಾಳ ಬಾಗಿಲಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ನಿಂತ.

"ನನ್ನ ಪರಿಚಯ ನಿಮಗಿಲ್ಲ. ನೀರಿನ ಟ್ರ್ಯಾಕ್ಟರ್‌ನೋನು. ಅವತ್ತು ಲೂತೆಕ್ ಬಿದ್ಮೇಲೆ ಆ ಗುಂಡಿ ಮುಚ್ಚಿದ್ದು ನಾನೇ. ಓಟ ನಿಲ್ಬಾರ್ದು, ಬೇಗ ಮುಚ್ಚು ಅಂದ್ರು, ಮುಚ್ಚಿದೆ. ಮೇಲೆ ನೀರೂ ಹಾಕ್ದೆ. ಹಾಕ್ಬಾರ್ದಿತ್ತು."

ಅಷ್ಟು ತಿಂಗಳಲ್ಲಿ ಊರಿನವರೆಲ್ಲ ಬಂದು ಅತ್ತು ಹೋಗಿದ್ದರು. ತಪ್ಪಾಯಿತು ಎಂದವನು ಇವನೊಬ್ಬನೇ. "ಒಳಗೆ ಬನ್ನಿ, ಕಾಲು ಒರೆಸ್ಕೊಂಡು ಬನ್ನಿ" ಎಂದಳು ಬ್ರೋನ್ಕಾ. ಅವನ ಮೈಯಿಂದ ಬರುತ್ತಿದ್ದುದು ಹಸಿ ಮಣ್ಣಿನ ವಾಸನೆ. ಬಟಾಣಿ ಸೂಪು ಬಡಿಸಿದಳು. ಮರುವಾರ ಅವನು ಒಲೆಯ ಕೊಳವೆ ಸರಿಮಾಡಲು ಬಂದ. ನಾಲ್ಕೈದು ವರ್ಷ ಹೀಗೆ ಬಂದು ಹೋಗಿ, ಕೊನೆಗೆ ಒಂದು ದಿನ ಹೋಗಲಿಲ್ಲ.

ಊರು ಇದನ್ನು ನೋಡಿಯೂ ನೋಡದಂತೆ ಮಾಡಿತು. ಅತ್ತಿಗೆಯ ಮನೆಯಲ್ಲಿ ಒಬ್ಬ ಬಾಡಿಗೆಯವನಿದ್ದಾನೆ, ಅಷ್ಟೆ. ಒಂದೇ ಹಾಸಿಗೆಯಲ್ಲಿ ಮಲಗುವ ಬಾಡಿಗೆಯವನು. ಬಹಳ ಹಿಂದೆ ಒಮ್ಮೆ ಇಬ್ಬರೂ ಪಾದ್ರಿಯ ಹತ್ತಿರ ಹೋಗಿ ಮದುವೆಗೆ ಹೆಸರು ಕೊಟ್ಟರು. ಭಾನುವಾರ ಚರ್ಚಿನಲ್ಲಿ ಹೆಸರು ಓದಿದ ಆ ವಾರವೇ ಬ್ರೋನ್ಕಾಳ ಮನೆಯ ಗೇಟಿಗೆ ಯಾರೋ ಸಾವಿನ ಹೂಚಕ್ರ ನೇತುಹಾಕಿದರು. ತಂಡದ ಬಣ್ಣದ ಕಿತ್ತಳೆ-ನೀಲಿ ರಿಬ್ಬನ್ನು, ಅದರ ಮೇಲೆ 'ಲೂತೆಕ್ ನೋಡುತ್ತಿದ್ದಾನೆ'. ಯಾರ ಮುಂದೆಯೂ ತಗ್ಗದ ಬ್ರೋನ್ಕಾ ಆ ರಿಬ್ಬನ್ನಿಗೆ ಹೆದರಿ ಮದುವೆಯನ್ನೇ ಕೈಬಿಟ್ಟಳು. ಸ್ಟೇಡಿಯಮ್ಮಿನ ಕೆಲಸ ಹೋಗುತ್ತದೆಂದು ಫೆಲೆಕ್ ಹೆದರಿದ್ದಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಅವನು ಹೆದರಿರಲಿಲ್ಲ.

ನಮ್ಮ ಕಡೆ ಬದುಕಿರುವಾಗಲೇ ಸಮಾಧಿಗೆ ಜಾಗ ಹಿಡಿದು, ಕಲ್ಲು ನಿಲ್ಲಿಸಿ, ಹೆಸರನ್ನೂ ಹುಟ್ಟಿದ ವರ್ಷವನ್ನೂ ಕೆತ್ತಿಸಿ, ಸಾಯುವ ವರ್ಷಕ್ಕೆ ಮಾತ್ರ ಜಾಗ ಬಿಡುತ್ತಾರೆ. ಶನಿವಾರ ಹೋಗಿ ತಮ್ಮ ಹೆಸರಿನ ಮೇಲೆ ಬಿದ್ದ ಎಲೆ ತಾವೇ ಗುಡಿಸಿ ಬರುತ್ತಾರೆ. ಫೆಲೆಕ್ ಕೂಡ ಸ್ಮಶಾನದ ನಲ್ಲಿಯ ಪಕ್ಕ ಜಾಗ ಹಿಡಿದ. ಜೀವಮಾನವೆಲ್ಲ ನೀರು ಹಾಕಿದವನು, ಹತ್ತಿರವೇ ಇರಲಿ ಎಂದ. ಬೂದು ಕಲ್ಲು. ಎಡಗಡೆ ಅವನ ಹೆಸರು, ಬಲಗಡೆ ಖಾಲಿ. ಆ ಖಾಲಿ ಯಾರಿಗೆಂದು ಅವನು ಹೇಳಲಿಲ್ಲ. "ಮುಂದಿನ ವರ್ಷ ನೋಡೋಣ" ಎಂದು ಅವಳೇ ಹೇಳಿದಳು. ಪ್ರತಿ ವರ್ಷ ಅದನ್ನೇ ಹೇಳಿದಳು. ಈ ಸಲ ಶರತ್ಕಾಲದಲ್ಲಿ ಡಾಕ್ಟರು ಫೆಲೆಕ್‌ನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಚಳಿಗಾಲ ಜೋಪಾನ ಎಂದಾಗ ಅವಳು ನಿರ್ಧರಿಸಿದಳು. ಸತ್ತವರಿಗೆ ದೀಪ ಇಡುವ ಸಕಲ ಸಂತರ ಹಬ್ಬ ಮುಗಿದ ಮಾರನೆಯ ದಿನವೇ ಕಲ್ಲುಕುಟಿಗನ ಹತ್ತಿರ ಹೋಗಿ ಹೆಸರು ಹಾಕಿಸುವುದು. ಫೆಲೆಕ್‌ಗೂ ಹೇಳಿದಳು. ಅವನು ಹೋಗಿ ಗಡ್ಡ ಬೋಳಿಸಿಕೊಂಡು ಬಂದ.

ಹಬ್ಬದ ಹಿಂದಿನ ವಾರ ಝೆನೆಕ್ ಬಾಗಿಲು ತಟ್ಟಿದ.

"ಅತ್ತಿಗೆ, ಒಂದನೇ ತಾರೀಕು ಹನ್ನೊಂದಕ್ಕೆ ಅಣ್ಣನ ಸಮಾಧಿ ಹತ್ರ ಬನ್ನಿ. ಹೊಸ ಕಲ್ಲು ಹಾಕ್ಸಿದೀವಿ ಸಂಘದಿಂದ. ನಿಮಗೊಂದು ಆಶ್ಚರ್ಯ ಕಾದಿದೆ."

"ನನ್ನ ಕೇಳಿದ್ರಾ?"

"ಕೇಳಿದ್ರೆ ಆಶ್ಚರ್ಯ ಹೆಂಗಾಗುತ್ತೆ ಅತ್ತಿಗೆ!" ಎಂದು ನಕ್ಕು, ಒಳಗೆ ಕೆಮ್ಮುತ್ತಿದ್ದ ಫೆಲೆಕ್ ಕಡೆ ಕಣ್ಣು ಹಾಯಿಸಿ, "ನಿಮ್ಮ ಬಾಡಿಗೆಯೋರಿಗೆ ಜೇನು ಹಾಕಿ ಬಿಸಿ ಹಾಲು ಕೊಡಿ" ಎಂದು ಹೋದ.

ಹಬ್ಬದ ದಿನ ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೇಟಿನ ಎರಡೂ ಕಡೆ ಸೇವಂತಿಗೆಯ ಕುಂಡಗಳು, ಗಾಜಿನ ದೀಪಗಳು. ಎಲ್ಲರೂ ಅವರವರ ಸತ್ತವರ ಕಡೆ ಹೋದರೆ, ಸಂಘದವರು ಮಾತ್ರ ಕಿತ್ತಳೆ-ನೀಲಿ ಶಾಲು ಹೊದ್ದು ಲೂತೆಕ್‌ನ ಸುತ್ತ ಮುತ್ತಿದ್ದರು. ದೀಪಗಳೂ ಕಿತ್ತಳೆ-ನೀಲಿ. ಹಳೆಯ ಓಟಗಾರರನ್ನು ಸಾಲಾಗಿ ನಿಲ್ಲಿಸಿದ್ದರು: ಒಬ್ಬನಿಗೆ ಊರುಗೋಲು, ಒಬ್ಬನಿಗೆ ಗಾಲಿ ಕುರ್ಚಿ, ಎಲ್ಲರಿಗೂ ಹೊಟ್ಟೆಯ ಮೇಲೆ ಗುಂಡಿ ಹಾಕಲಾರದ ಹಳೆಯ ತಂಡದ ಕೋಟು. ಎರ್ವಿನ್ ಬೆಳಿಗ್ಗೆಯೇ ಕುಡಿದಿದ್ದ. ಒಂದು ಕಾಲದಲ್ಲಿ ಪ್ರಾಣ ಪಣಕ್ಕಿಟ್ಟ ಮೈಗಳವು. ಈಗ ಫೋಟೋಗೆ ಹಿನ್ನೆಲೆ.

ಝೆನೆಕ್ ಮಾತನಾಡಿದ. ಹನ್ನೆರಡು ವರ್ಷ, ಅಪ್ಪನ ಹೆಗಲು, ಹೆದರಿಕೆಯೇ ಗೊತ್ತಿಲ್ಲದ ಅಣ್ಣ. ಗಂಟಲು ಕಟ್ಟಿತು. ಕಲ್ಲಿಗೆ ಹೊದಿಸಿದ್ದ ಬಟ್ಟೆ ಎಳೆದ. ಕನ್ನಡಿಯಂಥ ಕಪ್ಪು ಗ್ರಾನೈಟು. ಮೇಲೆ ಎಡಕ್ಕೆ ವಾಲಿದ ಗಾಡಿ, ಅದರ ಮೇಲೆ ಹೆಲ್ಮೆಟ್ಟಿಲ್ಲದೆ ನಗುವ ಲೂತೆಕ್. ಕೆಳಗೆ ಚಿನ್ನದ ಅಕ್ಷರದಲ್ಲಿ ಅವನ ಹೆಸರು, ಹುಟ್ಟಿದ ವರ್ಷ, 1978. ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅವಳ ಹೆಸರು. ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಖಾಲಿ.

"ಅತ್ತಿಗೆ, ಇನ್ನು ನಿಮಗೆ ಚಿಂತೆ ಇಲ್ಲ" ಎಂದ ಝೆನೆಕ್. "ಅಣ್ಣನ ಪಕ್ಕದಲ್ಲಿ ನಿಮ್ಮ ಜಾಗ ಭದ್ರ. ನಮ್ಮ ಕಾಣಿಕೆ."

ಜನ ಚಪ್ಪಾಳೆ ತಟ್ಟಿದರು. ಸ್ಮಶಾನದಲ್ಲಿ ಚಪ್ಪಾಳೆ! ಅದೇ ಹೊತ್ತಿಗೆ ಗೇಟಿನ ಹೊರಗೆ, ಮೊದಲೇ ಮಾತಾಡಿಕೊಂಡಂತೆ, ಯಾರೋ ಛಾವಣಿಯಿಂದ ಇಳಿಸಿ ತಂದಿದ್ದ ಆ ಜಾವಾವನ್ನು ತಳ್ಳಿ ಚಾಲೂ ಮಾಡಿ ಕಿರುಚಿಸಿದರು. ಗಾಳಿ ಈ ಕಡೆಗೇ ಇತ್ತು. ಸುಟ್ಟ ಹರಳೆಣ್ಣೆಯ ಹೊಗೆ ಸೇವಂತಿಗೆಯ ಮೇಲೆ ಹಾದು ಬಂತು. ಗಂಡಸರೆಲ್ಲ ಕಣ್ಣು ಮುಚ್ಚಿ ಮೂಗೆತ್ತಿದರು. ಬ್ರೋನ್ಕಾ ಬಗ್ಗಿ, ಹೊಸ ಗ್ರಾನೈಟಿನ ಮೇಲೆ, ಚಿನ್ನದ ಅಕ್ಷರಗಳ ಮೇಲೆ, ಬೆಳಗಿನ ಊಟವನ್ನೆಲ್ಲ ಕಕ್ಕಿದಳು.

"ಅಯ್ಯೋ ಪಾಪ" ಎಂದಿತು ಗುಂಪು. "ಅತ್ತಿಗೆಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಇಷ್ಟು ವರ್ಷ ಆದ್ರೂ ನೋಡಿ, ಎಂಥ ಪ್ರೀತಿ!"

ಅವಳು ಬಾಯಿ ಒರೆಸಿಕೊಂಡು ನೆಟ್ಟಗೆ ನಿಂತಳು. "ಝೆನೆಕ್, ನಾನು ಇಲ್ಲಿ ಮಲಗಲ್ಲ."

"ಈಗ್ಲೇ ಯಾಕತ್ತಿಗೆ ಆ ಮಾತು! ನೂರು ವರ್ಷ ಇರ್ತೀರಿ."

"ನೂರು ವರ್ಷ ಆದ್ಮೇಲೂ ಮಲಗಲ್ಲ. ಕಿವಿ ಕೇಳಿಸುತ್ತಾ? ನನ್ನ ಹೆಸರು ತೆಗೀರಿ."

"ದುಃಖ" ಎಂದು ಝೆನೆಕ್ ಸುತ್ತಲಿದ್ದವರಿಗೆ ಪಿಸುಗುಟ್ಟಿ ವಿವರಿಸಿದ. ಅವಳನ್ನು ತಬ್ಬಿಕೊಂಡು ಬೆನ್ನು ತಟ್ಟಿದ. ಶಾಲಿಗೂ ಅದೇ ವಾಸನೆ. ಅವಳು ಅವನನ್ನು ನೂಕಿದಳು. ಅದೂ ದುಃಖವೇ ಆಯಿತು. ಅಷ್ಟರಲ್ಲಿ ಫೆಲೆಕ್ ನಲ್ಲಿಯಿಂದ ಕ್ಯಾನಿನಲ್ಲಿ ನೀರು ತಂದು, ಯಾರನ್ನೂ ನೋಡದೆ, ಕಲ್ಲನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತೊಳೆದ. ಅವಳ ಹೆಸರಿನ ಸಂದಿಯಲ್ಲಿ ಸಿಕ್ಕಿದ್ದನ್ನು ಬೆರಳಿನಿಂದ ತೆಗೆದ. "ಬಾಡಿಗೆಯೋನು ಒಳ್ಳೇ ಮನುಷ್ಯ" ಎಂದರು ಯಾರೋ.

ಮನೆಗೆ ಬಂದು ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಗಾಜಿನ ಲೋಟದಲ್ಲಿ ಚಹಾ ಆರುತ್ತಿತ್ತು.

"ಕಲ್ಲು ಚೆನ್ನಾಗಿದೆ" ಎಂದ ಫೆಲೆಕ್.

"ಬಾಯ್ಮುಚ್ಚು."

"ಅಕ್ಷರ ನೀಟಾಗಿ ಬಂದಿದೆ ಅಂದೆ, ಅಷ್ಟೇ. ನಾಳೆ ನೀನು ಕಲ್ಲುಕುಟಿಗನ ಹತ್ರ ಹೋಗೋದು ಬೇಡ ಬಿಡು. ಒಬ್ಬಳೇ ಹೆಂಗ್ಸು ಎರಡು ಕಲ್ಲಲ್ಲಿ ಇದ್ರೆ ಜನ ನಗ್ತಾರೆ." ಅವನು ಸ್ವಲ್ಪ ಹೊತ್ತು ಕೆಮ್ಮಿದ. "ನನ್ನ ಕಲ್ಲಿನ ಬಲಗಡೆ ಒಂದು ಮರ ಕೆತ್ತಿಸ್ತೀನಿ. ಖಾಲಿ ಕಾಣ್ಸುತ್ತೆ."

ಬ್ರೋನ್ಕಾಗೆ ಝೆನೆಕ್ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಹೇಸಿಗೆ ತನ್ನ ಮೇಲೇ ಬಂತು. ಈ ಮನುಷ್ಯ ಅಷ್ಟು ವರ್ಷ ಒಂದು ಖಾಲಿ ಕಲ್ಲಿನ ಎಲೆ ಗುಡಿಸಿದ್ದ. ಅವಳು ಒಂದು ಹರಕು ರಿಬ್ಬನ್ನಿಗೆ ಹೆದರಿ ಕೂತಿದ್ದಳು. ಅವಳು ಎದ್ದು ಕೋಟು ಹಾಕಿಕೊಂಡಳು, ಮತ್ತೆ ತೆಗೆದಳು. ಹಬ್ಬದ ದಿನ ಯಾವ ಕಲ್ಲುಕುಟಿಗ ಬಾಗಿಲು ತೆಗೆಯುತ್ತಾನೆ?

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅವಳು ಕಲ್ಲುಕುಟಿಗ ವಾಲೆಂತಿಯ ಅಂಗಳದಲ್ಲಿದ್ದಳು. ಅವನೂ ಸಂಘದವನೇ.

"ಹೆಸರು ತೆಗೀಬೇಕು ವಾಲೆಂತಿ."

"ಗ್ರಾನೈಟ್ ಅಮ್ಮಾ ಅದು, ಬೋರ್ಡ್ ಮೇಲೆ ಬರೆದ ಸೀಮೆಸುಣ್ಣ ಅಲ್ಲ. ಅಷ್ಟು ಆಳ ಕೆತ್ತಿರೋದು. ತೆಗೀಬೇಕು ಅಂದ್ರೆ ಮುಖಾನೇ ಪೂರ್ತಿ ಉಜ್ಜಬೇಕು. ಲೂತೆಕ್ ಹೆಸ್ರು, ಚಿತ್ರ ಎಲ್ಲಾ ಹೋಗುತ್ತೆ."

ಲೂತೆಕ್ ಹೋಗುವುದು ಅವಳಿಗೆ ಬೇಡವಾಗಿತ್ತು. ನಲ್ಲಿ ಬಿಟ್ಟುಕೊಂಡು ಕಕ್ಕುತ್ತಿದ್ದ ಆ ಹುಡುಗನಿಗೆ ಒಂದು ಕಲ್ಲಾದರೂ ಇರಲಿ. ಅವಳು ಅಂಗಳದಲ್ಲಿದ್ದ ಅರ್ಧ ಕೆತ್ತಿದ ಕಲ್ಲುಗಳನ್ನು ನೋಡುತ್ತ ನಿಂತಳು. ಎಲ್ಲದರಲ್ಲೂ ಹೆಸರು, ಅಡ್ಡಗೆರೆ, ಖಾಲಿ, ಎಲ್ಲರೂ ಕಾಯುತ್ತಿರುವವರು.

"ತೆಗಿಯೋಕಾಗಲ್ಲ ಸರಿ. ಸೇರ್ಸೋಕಾಗುತ್ತಾ?"

"ಏನು ಸೇರ್ಸೋದು?"

"ವರ್ಷ. ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದೀಯಲ್ಲ, ಅಲ್ಲಿ. 1978 ಅಂತ ಹಾಕು."

ವಾಲೆಂತಿ ಶಿಲುಬೆಯ ಗುರುತು ಮಾಡಿಕೊಂಡ. "ಬದುಕಿರೋರಿಗೆ ಸತ್ತ ವರ್ಷ ಹಾಕೋದಾ? ನನ್ನ ಕೈ ಸೇದೋಗುತ್ತೆ!"

"ಸಮಾಧಿ ಯಾರ್ದು? ನನ್ನ ಗಂಡನ್ದು. ಹೆಸರು ಯಾರ್ದು? ನನ್ದು. ನನ್ನ ಕೇಳ್ದೆ ಹೆಸರು ಹಾಕೋವಾಗ ಸೇದದ ಕೈ, ನಾನೇ ಬಂದು ಕೇಳಿದ್ರೆ ಸೇದುತ್ತಾ? ಆಯ್ತಾ, ಅದೇ ಚಿನ್ನದ ಬಣ್ಣ. ಆಮೇಲೆ ನಲ್ಲಿ ಪಕ್ಕ ಫೆಲೆಕ್ ಕಲ್ಲಿದೆ, ಅದರ ಬಲಗಡೆ ಬ್ರೋನ್ಕಾ ಅಂತ ಕೆತ್ತು. ಬರೀ ಬ್ರೋನ್ಕಾ. ಅಲ್ಲಿ ಮುಂದೆ ಜಾಗ ಬಿಡು."

ವಾಲೆಂತಿ ಉಳಿ ಹುಡುಕಲು ಒಳಗೆ ಹೋದ.

ಒಂದು ವಾರವೂ ಆಗಿರಲಿಲ್ಲ, ಝೆನೆಕ್ ಏದುಸಿರು ಬಿಡುತ್ತ ಬಂದ.

"ಅತ್ತಿಗೆ, ಇದೇನು ಅನಿಷ್ಟ! ಯಾವ ಹುಚ್ಚು ನನ್ಮಗ ಮಾಡಿದ್ದು? ನೀವು ಸತ್ತಿದೀರಿ ಅಂತ ಬರೆದಿದೆ!"

"ಸರಿಯಾಗೇ ಬರೆದಿದೆ. ನಿಮ್ಮ ಅತ್ತಿಗೆ ಅವತ್ತೇ ಸತ್ತಳು ಕಣೋ. ಎಂಜಿನ್ ನಿಂತು, ನೀವೆಲ್ಲ ಮತ್ತೆ ಕೂಗೋಕೆ ಶುರು ಮಾಡಿದ್ರಲ್ಲ, ಆವಾಗ. ಇನ್ಮೇಲೆ ಅವಳನ್ನ ಯಾವ ಕಟ್ಟೆ ಮೇಲೂ ಹತ್ತಿಸ್ಬೇಡಿ."

"ಹಂಗಾದ್ರೆ ಈಗ ನನ್ನೆದುರು ನಿಂತಿರೋರು ಯಾರು?"

"ಫೆಲೆಕ್‌ನ ಹೆಂಗ್ಸು. ನಿನಗೆ ಪರಿಚಯ ಇಲ್ಲ." ಬಾಗಿಲು ಹಾಕಿಕೊಂಡಳು.

ಝೆನೆಕ್ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತಿದ್ದ. ಅಳುತ್ತಿದ್ದನೋ ಏನೋ. ಫೆಲೆಕ್ ಕಿಟಕಿಯಿಂದ ನೋಡಿ, "ಪಾಪ, ಬಿಸಿ ಹಾಲು ಬೇಕಾ ಕೇಳು" ಎಂದ.

ಜೂನ್‌ನ ಸ್ಮಾರಕ ಓಟಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ಕಿತ್ತಳೆ ಲಂಗ ಉಟ್ಟು ಗೆದ್ದವನಿಗೆ ಮುತ್ತಿಟ್ಟಳಂತೆ, ಜನ ಮೊದಲಿಗಿಂತ ಜೋರಾಗಿ ಕೂಗಿದರಂತೆ. ಅಷ್ಟು ವರ್ಷದ ಅತ್ತಿಗೆ ಒಂದು ಮಧ್ಯಾಹ್ನದಲ್ಲಿ ಮರೆತುಹೋದಳು. ಅದನ್ನು ಕೇಳಿ ಬ್ರೋನ್ಕಾಗೆ ಸಮಾಧಾನದ ಜೊತೆ ಸಣ್ಣ ಸಿಟ್ಟೂ ಬಂದದ್ದು ಸುಳ್ಳಲ್ಲ.

ಫೆಲೆಕ್ ಆ ಚಳಿಗಾಲ ದಾಟಿದ. ಮುಂದಿನ ಸಕಲ ಸಂತರ ಹಬ್ಬಕ್ಕೆ ಇಬ್ಬರೂ ಸ್ಮಶಾನಕ್ಕೆ ಹೋದರು. ಅವನಿಗೆ ನಡೆಯುವುದು ಕಷ್ಟವಾದ್ದರಿಂದ ನೇರವಾಗಿ ನಲ್ಲಿಯ ಪಕ್ಕದ ಬೆಂಚಿಗೆ ಹೋಗಿ ಕೂತ. ಅವಳು ಲೂತೆಕ್‌ಗೊಂದು ದೀಪ ಇಟ್ಟು ಬರೋಣವೆಂದು ಆ ಕಡೆ ತಿರುಗಿದಳು.

ಕಪ್ಪು ಕಲ್ಲಿನ ಸುತ್ತ ಗುಂಪು. ಕಿತ್ತಳೆ-ನೀಲಿ ದೀಪಗಳು ಎಂದಿನಂತೆ ಲೂತೆಕ್‌ನ ಕಡೆ. ಅವಳ ಹೆಸರಿನ ಕಡೆ, ಸಾಲಾಗಿ, ಬಿಳೀ ದೀಪಗಳು, ಬಿಳೀ ಸೇವಂತಿಗೆ. ಹೆಂಗಸರು ತಂದಿಟ್ಟದ್ದು. ನಡುವೆ ಝೆನೆಕ್ ನಿಂತು ಬೇರೆ ಊರಿನಿಂದ ಬಂದ ಅಭಿಮಾನಿಗಳಿಗೆ ಹೇಳುತ್ತಿದ್ದ.

"ವರ್ಷ ನೋಡಿ. ಎರಡೂ ಒಂದೇ. ಸುದ್ದಿ ಬಂದಾಗ ಅತ್ತಿಗೆ ಅಡುಗೆ ಮಾಡ್ತಿದ್ರು. 'ಲೂತೆಕ್' ಅಂದ್ರು ಅಷ್ಟೇ, ಎದೆ ಒಡೀತು. ಅದೇ ದಿನ, ಅದೇ ಸಂಜೆ. ಇಂಥ ಹೆಂಗಸ್ರು ಈಗೆಲ್ಲಿದಾರೆ?"

ಅವನ ಗಂಟಲು ಕಟ್ಟಿತು. ಕಣ್ಣೆತ್ತಿದಾಗ ಎದುರಿಗೆ ದೀಪ ಹಿಡಿದ ಬ್ರೋನ್ಕಾ. ಇಬ್ಬರ ಕಣ್ಣೂ ಸೇರಿದವು. ಅವನು ತಡವರಿಸುತ್ತಾನೆ, ಕೆಂಪಾಗುತ್ತಾನೆ ಎಂದು ಅವಳು ಕಾದಳು. ಅವನು ಅವಳಿಗೆ, ಗುರುತು ನೆನಪಾಗದ ಯಾವುದೋ ಮುದುಕಿಗೆ ದಾರಿ ಬಿಡುವಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಥೆ ಮುಂದುವರಿಸಿದ. ಕಣ್ಣೀರು ನಿಜವಾದದ್ದೇ. ಎರ್ವಿನ್ ಗುಂಪಿನ ಹಿಂದಿನಿಂದ ಅವಳಿಗೆ ಕಣ್ಣು ಹೊಡೆದ.

"ಥೂ" ಎಂದಳು ಬ್ರೋನ್ಕಾ, ಎಲ್ಲರಿಗೂ ಕೇಳುವಂತೆ. ಯಾರೂ ತಿರುಗಲಿಲ್ಲ. ಲೂತೆಕ್‌ನ ಕಡೆ ದೀಪವಿಟ್ಟು, ತನ್ನ ಹೆಸರಿನ ಮುಂದಿದ್ದ ಸೇವಂತಿಗೆಗಳಲ್ಲಿ ಒಳ್ಳೆಯದೊಂದನ್ನು ಕುಂಡದ ಸಮೇತ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು.

ಫೆಲೆಕ್ ಕುಂಡ ನೋಡಿದ. "ಯಾರ್ದು ಕದ್ದೆ?"

"ನಂದೇ. ನಾನು ಸತ್ತು ನಲವತ್ತೈದು ವರ್ಷ ಆಯ್ತಂತೆ. ಎದೆ ಒಡೆದು."

ಅವನು ನಕ್ಕ, ಕೆಮ್ಮಿದ, ಮತ್ತೆ ನಕ್ಕ. "ಹಂಗಾದ್ರೆ ಬೆಳಿಗ್ಗೆ ಸೂಪಿಗೆ ಅಷ್ಟೊಂದು ಉಪ್ಪು ಸುರಿದಿದ್ದು ಯಾರು?"

"ಜರುಗು ಆ ಕಡೆ" ಎಂದಳು ಬ್ರೋನ್ಕಾ. ಕುಂಡವನ್ನು ಬೂದು ಕಲ್ಲಿನ ನಡುವೆ ಇಟ್ಟು, ಅವನ ಬಲಗಡೆಗೆ ಕೂತಳು.